ಮುತ್ಯಾನ ಜಾವಾ ಬಿಚ್ಚಿ ಕುಂತೀನಿ, ಈಗ ಮುಂದೇನ್ ಮಾಡ್ಲಿ?

ಶಾಬಾದಿ_ಫರಶಿ, ಕಲಬುರಗಿ · ಏಪ್ರಿಲ್ 13

ಎಲ್ಲರಿಗೂ ಶರಣು. ಹೊಸದಾಗಿ ಬಂದೀನಿ. ತಪ್ಪಿದ್ರ ಬೈರಿ, ಆದ್ರ ಉತ್ತರಾ ಕೊಟ್ಟು ಬೈರಿ.

ನಮ್ಮ ಮುತ್ಯಾಂದು ಒಂದು ಜಾವಾ 250 ಅದ. ಆರ್‌ಸಿ ಪುಸ್ತಕದಾಗ 1970 ಅಂತ ಬರ್ದದ. ಮುತ್ಯಾ ದನದ ದವಾಖಾನ್ಯಾಗ ಕಂಪೌಂಡರ್ ಇದ್ರು, ಜೇವರ್ಗಿ ತಾಲೂಕಿನ ಹಳ್ಳಿ ಎಲ್ಲಾ ಇದರ ಮ್ಯಾಲೇ ತಿರಗ್ಯಾರ. ಔಷಧದ ಡಬ್ಬಿ ಕೂಡಿಸ್ಲಿಕ್ಕಂತ ಹಿಂದಿನ ಮಡ್‌ಗಾರ್ಡ್ ಮ್ಯಾಲ ಎರಡು ಕಬ್ಬಿಣದ ಪಟ್ಟಿ ವೆಲ್ಡ್ ಮಾಡ್ಸಿದ್ರು, ಅವು ಇನ್ನಾ ಹಂಗೇ ಅವ. ಅವರು ತೀರಿಕೊಂಡು ಹದಿನಾಲ್ಕು ವರ್ಷ ಆಯ್ತು. ಅಲ್ಲಿಂದ ಗಾಡಿ ಹಿತ್ತಲ ಪತ್ರಾಸ್ ಶೆಡ್ಡಿನಾಗ ನಿಂತದ. ಗಾಡಿ ಮ್ಯಾಲ ಹಳೀ ಕೌದಿ, ಕೌದಿ ಮ್ಯಾಲ ತೊಗರಿ ಚೀಲ.

ನಾ ಹೈಸ್ಕೂಲಿನಾಗ ಗಣಿತ ಹೇಳ್ತೀನಿ. ಬ್ಯಾಸಗಿ ಸೂಟಿ ಬಿಟ್ಟದ. ನಾಕು ವಿಡಿಯೋ ನೋಡಿ ಧೈರ್ಯ ಬಂತು, ಐತವಾರ ಮುಂಜಾನಿ ಆರಕ್ಕ ಕುಂತೆ, ಹನ್ನೆರಡರೊಳಗ ಟ್ಯಾಂಕ್, ಸೀಟು, ಎರಡೂ ಗಾಲಿ, ಎರಡೂ ಸೈಲೆನ್ಸರ್, ಹೆಡ್‌ಲೈಟು, ವೈರಿಂಗು ಎಲ್ಲಾ ಬಿಚ್ಚಿ ಹಾಕ್ದೆ. ಎಂಜಿನ್ ಫ್ರೇಮಿನಾಗೇ ಅದ, ಎಡಗಡಿ ಮುಚ್ಚಳ ಅಷ್ಟೇ ತೆಗದೀನಿ. ಕ್ಲಚ್ ಹೊರಗ ತೆಗಿಬೇಕಂತ ಸ್ಕ್ರೂಡ್ರೈವರ್ ಹಾಕಿ ಮೀಟ್ದೆ, ಒಂದು ಅಂಚು ಚಕ್ಕಿ ಎದ್ದದ. ಅಲ್ಲಿಗೆ ಕೈ ಬಿಟ್ಟೆ.

ಕಷ್ಟ ಏನಂದ್ರ, ನಟ್ಟು ಬೋಲ್ಟು ಎಲ್ಲಾ ಒಂದೇ ಬುಟ್ಟ್ಯಾಗ ಅವ. ಫೋಟೋ ಒಂದೂ ತೆಗದಿಲ್ಲ. ಕಿಕ್ ಅಂತೂ ಮೊದಲಿಂದಲೂ ಅಲ್ಲಾಡವಲ್ದು, ಎಂಜಿನ್ ಜಾಮ್ ಆಗ್ಯದ. ಮನ್ಯಾಗ ಎಲ್ಲರೂ ಗುಜರಿಯವನಿಗೆ ಫೋನ್ ಹಚ್ಚು ಅಂತಾರ. ಆಯಿ ಮಾತ್ರ ಏನೂ ಅಂದಿಲ್ಲ. ಆಕಿ ಸುಮ್ಮಿರೋದೇ ನನಗ ಹೆದರಿಕಿ.

ನಿವೃತ್ತ_ಪಾನಾ, ಬೀದರ · ಏಪ್ರಿಲ್ 13

ಮೊದಲು ಪಾನಾ ಕೆಳಗಿಡು ತಮ್ಮಾ. ಇವತ್ತು ಇನ್ನೊಂದು ಬೋಲ್ಟ್ ಬಿಚ್ಚಬ್ಯಾಡ.

ನಾನು ಏರ್‌ಫೋರ್ಸ್‌ನಾಗ ಇಪ್ಪತ್ತು ವರ್ಷ ಫಿಟ್ಟರ್ ಇದ್ದವ. ಅಲ್ಲಿ ಸಂಜಿ ಆದ್ರ ಟೂಲ್ ಲೆಕ್ಕ ಕೊಡ್ಬೇಕು. ಒಂದು ಹತ್ತು ನಂಬರ್ ಪಾನಾ ಕಡಿಮಿ ಬಿತ್ತಂದ್ರ ಅದು ಸಿಗೋ ತನಕ ವಿಮಾನ ಮ್ಯಾಲ ಹಾರಂಗಿಲ್ಲ, ನಾವು ಮನಿಗಿ ಹೋಗಂಗಿಲ್ಲ. ಆ ಚಾಳಿ ನನಗ ಇನ್ನೂ ಬಿಟ್ಟಿಲ್ಲ. ಅಡಗಿಮನ್ಯಾಗ ಚಮಚ ಎಣಿಸ್ತೀನಿ ಅಂತ ಮನಿಯವರು ನಗ್ತಾರ.

ಬುಟ್ಟಿ ಸುರುವಿ ಒಂದು ಬಿಳಿ ಅರಿಬಿ ಮ್ಯಾಲ ಹಾಸು. ನಿನ್ನ ನಸೀಬಿಗೆ ಜಾವಾ ಮೆಟ್ರಿಕ್ ಗಾಡಿ. ಹಳೀ ಬುಲೆಟ್ ಆಗಿದ್ರ ಇಂಗ್ಲೆಂಡಿನ ಇಂಚಿನ ಥ್ರೆಡ್‌ಗಳು ಮೂರ್ನಾಕು ನಮೂನಿ ಕೂಡಿರ್ತಿದ್ವು. ಉದ್ದ, ದಪ್ಪ, ತಲೀ ಅಳತಿ ನೋಡಿ ಗುಂಪು ಮಾಡು. ಬೋಲ್ಟಿನ ಮ್ಯಾಲ ಎಲ್ಲಿ ಮಣ್ಣು ಹತ್ತ್ಯದ, ಎಲ್ಲಿ ಎಣ್ಣಿ ಹತ್ತ್ಯದ ನೋಡು. ಕೆಂಪು ಧೂಳಿದ್ದದ್ದು ಮಡ್‌ಗಾರ್ಡಿಂದು, ಎಣ್ಣಿ ಜಿಡ್ಡಿದ್ದದ್ದು ಎಂಜಿನ್ ಕಡೀದು. ಅದಕ್ಕೇ ಇವತ್ತು ಸೀಮೆಎಣ್ಣ್ಯಾಗ ತೊಳಿಬ್ಯಾಡ. ತೊಳದ್ರ ಆ ಗುರುತೂ ಹೋಗ್ತದ. ಗುಂಪು ಮಾಡಿ, ಪಾನ್ ಮಸಾಲಾ ಡಬ್ಬಿ ಇದ್ರ ಅದ್ರಾಗ ಹಾಕಿ ಚೀಟಿ ಹಚ್ಚು, ಆಮ್ಯಾಲ ತೊಳಿ.

ಶಾಬಾದಿ_ಫರಶಿ · ಏಪ್ರಿಲ್ 13

ಮಣ್ಣು ನೋಡಿ ಗುರುತು ಹಿಡಿಯೋದು ನನಗ ಹೊಳದೇ ಇರ್ಲಿಲ್ಲ. ಈಗೇ ಹಾಸ್ತೀನಿ. ನಮ್ಮ ಮನ್ಯಾಗ ಪಾನ್ ಮಸಾಲಾ ತಿನ್ನೋರಿಲ್ಲ, ಮಕ್ಕಳ ಜಾಮಿಟ್ರಿ ಬಾಕ್ಸ್ ಅವ.

ಮತ್ತ ಇನ್ನೊಂದು, ತಮ್ಮ ಅಲ್ರಿ, ತಂಗಿ.

ನಿವೃತ್ತ_ಪಾನಾ · ಏಪ್ರಿಲ್ 13

ತಪ್ಪಾಯ್ತವ್ವಾ. ಪಾನಾ ಮಾತ್ರ ಕೆಳಗೇ ಇಡು.

ಬೆಟ್ಟದ_ಕೆಳಗ, ಯಾದಗಿರಿ · ಏಪ್ರಿಲ್ 14

ಅಕ್ಕಾರ, ನಂದೂ ಒಂದು ಯಜ್ದಿ ಅದ. ಫ್ಯಾಕ್ಟರಿ ಎಲ್ಲಿತ್ತಂತ ಹುಡುಕಿದಾಗ ‘ಯಾದವಗಿರಿ’ ಅಂತ ಬಂತು. ನಮ್ಮ ಯಾದಗಿರ್ಯಾಗ ಗಾಡಿ ಮಾಡ್ತಿದ್ರು ಅಂತ ಎರಡು ದಿನ ಎಲ್ಲರ ಮುಂದ ಹೇಳ್ಕೊಂಡು ತಿರಗೀನಿ. ಆಮ್ಯಾಲ ಗೊತ್ತಾಯ್ತು, ಅದು ಮೈಸೂರಿನ ಯಾದವಗಿರಿ.

ಒಂಟಿಕೊಪ್ಪಲು_ಹುಡುಗ, ಮೈಸೂರು · ಏಪ್ರಿಲ್ 14

ಹಹ್ಹಾ, ನಮ್ಮ ಯಾದವಗಿರೀನ ಕಿತ್ಕೊಂಡು ಹೋಗ್ತೀರಾ ಅಂತ ಹೆದರಿಕೆ ಆಯ್ತು.

ನಮ್ಮ ತಂದೆ ಐಡಿಯಲ್ ಜಾವಾದಲ್ಲಿ ಅಸೆಂಬ್ಲಿ ಲೈನ್‌ನಲ್ಲಿದ್ರು. ಫ್ಯಾಕ್ಟರಿ ಶುರುವಾಗಿದ್ದು 1961ರಲ್ಲಿ, ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್ ತಗೊಂಡು. ಇರಾನಿ ಕುಟುಂಬದ ಸಾಹಸ ಅದು. 1973ರಿಂದ ಯಜ್ದಿ ಅನ್ನೋ ಹೆಸರು ಬಂತು, 1996ರಲ್ಲಿ ಬಾಗಿಲು ಹಾಕಿತು. ಹಾಗಾಗಿ ನಿಮ್ಮ 1970ರ ಗಾಡಿ ಟ್ಯಾಂಕ್ ಮೇಲೆ ‘ಜಾವಾ’ ಅಂತಲೇ ಇರಬೇಕು. ಯಾರಾದ್ರೂ ಯಜ್ದಿ ಬ್ಯಾಡ್ಜ್ ಮಾರೋಕೆ ಬಂದರೆ ತಗೋಬೇಡಿ.

ಇನ್ನೊಂದು ಮಾತು. ಇದರಲ್ಲಿ ಕಿಕ್ಕೂ ಗೇರೂ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್, ಬಿಟ್ಟರೆ ಗೇರ್. ಗೇರ್ ಒತ್ತಿದರೆ ಕ್ಲಚ್ ತಾನೇ ಬಿಡುತ್ತೆ, ಕೈಯಲ್ಲಿ ಹಿಡಿಯದಿದ್ದರೂ ನಡೆಯುತ್ತೆ. ಆದ್ದರಿಂದ ಎಡಗಡೆ ಮುಚ್ಚಳದೊಳಗೆ ನಿಮಗೆ ಬೇರೆ ಬೈಕಲ್ಲಿ ಕಾಣದ ಸಣ್ಣ ಸಣ್ಣ ಭಾಗಗಳು ಇರ್ತವೆ. ಅದನ್ನ ಮಾತ್ರ ಫೋಟೋ ಇಲ್ಲದೆ ಮುಟ್ಟಬೇಡಿ, ದಯವಿಟ್ಟು. ಕ್ಲಚ್ ಹಬ್ ತೆಗೆಯೋಕೆ ಪುಲ್ಲರ್ ಅಂತ ಎಳೆದು ತೆಗೆಯೋ ಟೂಲ್ ಇದೆ, ಮೀಟೋದಲ್ಲ.

ಗಂಜ್_ಗ್ಯಾರೇಜ್, ಕಲಬುರಗಿ · ಏಪ್ರಿಲ್ 15

ಅಸ್ಸಲಾಮು ಅಲೈಕುಮ್, ಶರಣು. ಅಬ್ಬಾ ಹೇಳ್ತಾರ, ನಾ ಅವರ ಮಗಳು ಟೈಪ್ ಮಾಡ್ಲತ್ತೀನಿ. ಅಬ್ಬಾ ಮೂವತ್ತೈದು ವರ್ಷ ಜಾವಾ, ಯಜ್ದಿ, ರಾಜದೂತ್ ಮಾಡ್ಯಾರ. ಈಗ ಮೊಣಕಾಲು ನೋವು, ದುಕಾನ ಬಂದ್ ಮಾಡ್ಯಾರ. ಇಲ್ಲಿಂದ ಅವರ ಮಾತು:

ಬೇಟಿ, ಜಾಮ್ ಆದ ಎಂಜಿನ್‌ಗೆ ಸುತ್ತಿಗಿ ತೋರಿಸಬ್ಯಾಡ. ಕಿಕ್ ಮ್ಯಾಲ ನಿಂತು ಹಾರಬ್ಯಾಡ, ಒಳಗಿನ ಕಿಕ್ಕಿನ ಹಲ್ಲು ಮುರೀತಾವ, ಆಮ್ಯಾಲ ಇಡೀ ಎಂಜಿನ್ ಕೇಸ್ ಬಿಚ್ಚಿ ಒಡೀಬೇಕಾಗ್ತದ. ಪ್ಲಗ್ ಬಿಚ್ಚು. ಅರ್ಧ ಡೀಸೆಲ್, ಅರ್ಧ ಟೂಟಿ ಆಯಿಲ್ (ಇಂಥ ಟೂ-ಸ್ಟ್ರೋಕ್ ಗಾಡಿ ಪೆಟ್ರೋಲಿನಾಗ ಕೂಡಿಸೋ ಎಣ್ಣಿ) ಕೂಡ್ಸಿ ಪ್ಲಗ್ ತೂತಿನಾಗ ಒಂದು ಚಾದ ಕಪ್ಪಿನಷ್ಟು ಬಿಡು. ತೂತಿಗಿ ಅರಿಬಿ ತುರುಕು, ಇಲ್ಲಾಂದ್ರ ಹಲ್ಲಿ ಹೋಗ್ತಾವ (ಖರೇ ಹೇಳ್ತೀನಿ, ನನ್ನ ಕಣ್ಣ ಮುಂದ ಆಗ್ಯದ). ಐದು ದಿನ ಬಿಡು, ದಿನಾ ಸಂಜಿಗಿ ಸ್ವಲ್ಪ ಸ್ವಲ್ಪ ಹಾಕ್ಕೊಂತ ಹೋಗು.

ಈಗ ನೀನು ಮಾಡಿದ ಆತುರದ ಶಿಕ್ಷಾ. ಹಿಂದಿನ ಗಾಲಿ, ಚೈನು ತಿರುಗಿ ಹಾಕು. ನಾಕನೇ ಗೇರಿನಾಗ ಹಾಕಿ ಹಿಂದಿನ ಗಾಲಿ ಹಿಡಕೊಂಡು ಮುಂದ ಹಿಂದ, ಮುಂದ ಹಿಂದ, ತೊಟ್ಟಲು ತೂಗಿದಂಗ ತೂಗು. ಗಾಲಿ ದೊಡ್ಡದು, ಜೋರು ತಾನೇ ಬರ್ತದ. ಅಲ್ಲಾಡಿದ್ರ ಕೂದಲೆಳಿ ಅಷ್ಟೇ ಅಲ್ಲಾಡ್ತದ ಮೊದಲು. ಅಲ್ಲಿಗೆ ನಿಲ್ಲಿಸಿ ಮತ್ತ ಎಣ್ಣಿ ಹಾಕು. ಬಿಟ್ಟ ಕೂಡ್ಲೇ ಕಿಕ್ ಹೊಡದು ಸ್ಟಾರ್ಟ್ ಮಾಡ್ಲಿಕ್ಕ ಹೋಗಬ್ಯಾಡ. ಬಿಟ್ಟ ಮ್ಯಾಲ ಬೋರ್ (ಪಿಸ್ಟನ್ ಆಡೋ ಸಿಲಿಂಡರ್) ಎತ್ತಿ ನೋಡ್ಲೇಬೇಕು. ಹದಿನಾಲ್ಕು ವರ್ಷ ಪಿಸ್ಟನ್ನಿನ ಉಂಗುರ ಒಂದೇ ಜಾಗದಾಗ ಕುಂತದ, ಅಲ್ಲಿ ಜಂಗಿನ ಗೆರಿ ಬಿದ್ದೇ ಬಿದ್ದಿರ್ತದ.

ಕ್ರೋಮ್_ಹುಚ್ಚ, ಹೈದರಾಬಾದ್ · ಏಪ್ರಿಲ್ 15

ನಮ್ಮೂರು ಹುಮನಾಬಾದ, ಇರೋದು ಹೈದರಾಬಾದ್. ಎಂಜಿನ್ ಆಮ್ಯಾಲ ಆಗ್ತದ ಬಿಡ್ರಿ. ಫ್ರೇಮ್, ಟ್ಯಾಂಕ್, ಮಡ್‌ಗಾರ್ಡ್ ಮೊದಲು ಪೌಡರ್ ಕೋಟಿಂಗಿಗೆ (ಬಣ್ಣದ ಪುಡಿ ಹಚ್ಚಿ ಭಟ್ಟ್ಯಾಗ ಕಾಸೋದು) ಕೊಡ್ರಿ. ಮೆರೂನ್ ಬಣ್ಣ, ಟ್ಯಾಂಕಿನ ಎರಡೂ ಕಡಿ ಕ್ರೋಮ್, ಬಂಗಾರದ ಗೆರಿ. ಗಾಡಿ ಹೊಳಿಲಿಕ್ಕ ಶುರು ಆದ್ರ ಮನಿಯವರೂ ಸುಮ್ಮಾಗ್ತಾರ, ನಿಮಗೂ ಉಮೇದ ಬರ್ತದ. ಮತ್ತ ಆ ವೆಲ್ಡ್ ಮಾಡಿದ ಪಟ್ಟಿ ಮೊದಲು ಗ್ರೈಂಡರ್ ಹಚ್ಚಿ ಕತ್ತರಿಸ್ರಿ, ಒರಿಜಿನಲ್ ಜಾವಾಕ್ಕ ಅವು ಇಲ್ಲ.

ನಿವೃತ್ತ_ಪಾನಾ · ಏಪ್ರಿಲ್ 16

ನಾ ಒಪ್ಪಂಗಿಲ್ಲ. ಓಡದ ಗಾಡಿಗಿ ಬಣ್ಣ ಹಚ್ಚೋದು ಯಾಕ? ಎಂಜಿನ್ ಇಳಸ್ತೀರಿ, ಏರಸ್ತೀರಿ, ಪಾನಾ ಜಾರ್ತದ, ಪೆಟ್ರೋಲ್ ಚೆಲ್ತದ, ಹೊಸ ಬಣ್ಣ ಹೋಗ್ತದ. ಮೊದಲು ಓಡಲಿ, ನಿಲ್ಲಲಿ. ಬಣ್ಣ ಕಡೀಕ.

ಮತ್ತ ಟ್ಯಾಂಕಿನ ಕೆಳಗ ಕೈ ಹಾಕಿ ನೋಡವ್ವಾ. ಎಲ್ಲ್ಯರೆ ಬೆಸುಗಿ ಅದ ಏನು? ಆ ಕಾಲದಾಗ ಟ್ಯಾಂಕ್ ಸೋರಿದ್ರ ಕಲಾಯಿ ಸಾಬರ ಕಡಿ ತವರದ ಬೆಸುಗಿ ಹಾಕಿಸ್ತಿದ್ರು.

ಶಾಬಾದಿ_ಫರಶಿ · ಏಪ್ರಿಲ್ 16

ಅದ ರೀ! ಕೆಳಗ, ಪೆಟ್ರೋಲ್ ಕಾಕಿನ ಬಾಜು, ಎಂಟಾಣಿ ಬಿಲ್ಲಿ ಅಷ್ಟು ಅಗಲ ಬೂದು ಬಣ್ಣದ್ದು.

ನಿವೃತ್ತ_ಪಾನಾ · ಏಪ್ರಿಲ್ 16

ಹಂಗಾದ್ರ ಪೌಡರ್ ಕೋಟಿಂಗ್ ಮಾತು ಮರತುಬಿಡು. ಆ ಭಟ್ಟಿ 180ರಿಂದ 200 ಡಿಗ್ರಿ ಇರ್ತದ. ತವರ-ಸೀಸದ ಬೆಸುಗಿ 183ಕ್ಕೇ ಕರಗಲಿಕ್ಕ ಶುರು ಆಗ್ತದ. ಟ್ಯಾಂಕ್ ಹೊರಗ ಬರುವಾಗ ನಿಮ್ಮ ಮುತ್ಯಾನ ತೂತು ತಿರುಗಿ ಖುಲ್ಲಾ ಆಗಿರ್ತದ.

ಕ್ರೋಮ್_ಹುಚ್ಚ · ಏಪ್ರಿಲ್ 16

ಸರ್, ಟ್ಯಾಂಕಿನ ಮಾತು ವಾಪಸ್ ತಗೊಂಡೆ. ಪಟ್ಟಿ ಮಾತು ವಾಪಸ್ ತಗೊಳಂಗಿಲ್ಲ.

ಶಾಬಾದಿ_ಫರಶಿ · ಏಪ್ರಿಲ್ 21

ಬಿಡ್ತು! ಆರನೇ ದಿನ ಸಂಜಿಗಿ, ಏಳೂವರಿಗಿ. ತೂಗ್ತಿದ್ದೆ, ಗಾಲಿ ಒಮ್ಮೆಲೇ ಒಂದು ಬೆರಳು ಜಾರಿತು. ಕೂಗಿದ್ದಕ್ಕ ಬಾಜು ಮನಿಯವರು ಹಾವು ಬಂತೇನಂತ ಕೋಲು ಹಿಡಕೊಂಡು ಬಂದ್ರು.

ಬೋರ್ ಎತ್ತೀನಿ. ಅಬ್ಬಾ ಹೇಳ್ದಂಗೇ ಅದ, ಮ್ಯಾಲ ಎರಡು ಉಂಗುರದ ಜಾಗದಾಗ ಕಂದು ಗೆರಿ, ಉಗುರು ಆಡ್ಸಿದ್ರ ಸಿಗ್ತದ. ಒಂದು ಉಂಗುರ ಪಿಸ್ಟನ್ ಸಂದಿನಾಗೇ ಅಂಟಿಕೊಂಡದ. ಸಾಣಿ ಕಾಗದ ಹಾಕಿ ತಿಕ್ಲಾ?

ಗಂಜ್_ಗ್ಯಾರೇಜ್ · ಏಪ್ರಿಲ್ 21

ಅಬ್ಬಾ ನಿಮಗಿಂತ ಜೋರು ಕೂಗಿದ್ರು.

ಸಾಣಿ ಕಾಗದ ಬ್ಯಾಡ. ಉಗುರಿಗೆ ಸಿಕ್ರ ಬೋರಿಂಗೇ. ಇದರ ಬೋರ್ ಬೀಡಿಂದು, ಕೊರದು ಹೊಸ ಸೈಜಿಗಿ ತರಬಹುದು. ಆದ್ರ ಮೊದಲು ಪಿಸ್ಟನ್ ತಗೊ, ಆಮ್ಯಾಲ ಬೋರಿಂಗಿಗೆ ಹೋಗು. ಪಿಸ್ಟನ್ ಕೈಯಾಗ ಕೊಟ್ಟು, ಇದಕ್ಕ ಹೊಂದಿಸು ಅನ್ನಬೇಕು. ಬರೇ ‘ಸೈಜ್ 50 ಮಾಡ್ರಿ’ (ಅರ್ಧ ಮಿ.ಮೀ. ಅಗಲ ಮಾಡ್ರಿ) ಅಂತ ಬಾಯಿಲೆ ಹೇಳಿ ಬಂದ್ರ ಆಮ್ಯಾಲ ಪಿಸ್ಟನ್ ಒಂದು ಕಡಿ, ಬೋರ್ ಒಂದು ಕಡಿ. ಒಂದು ಪಿಸ್ಟನ್ನಿಗೂ ಇನ್ನೊಂದಕ್ಕೂ ಕೂದಲೆಳಿ ಫರಕ್ ಇರ್ತದ.

ಕೇಸಿನ ಬಾಯಿಗಿ ದೊಡ್ಡ ಅರಿಬಿ ತುರುಕೀ ಇಲ್ಲೋ? ಈಗೇ ಹೋಗಿ ತುರುಕು, ಉಳಿದದ್ದು ಆಮ್ಯಾಲ ಓದು.

ಶಾಬಾದಿ_ಫರಶಿ · ಏಪ್ರಿಲ್ 22

ತುರುಕೀನಿ. ಆದ್ರ ಅದಕ್ಕಿಂತ ಮೊದಲು ಪಿಸ್ಟನ್ ಪಿನ್ನಿನ ಸರ್ಕ್ಲಿಪ್ (ಪಿನ್ ಜಾರದಂಗ ಹಿಡಿಯೋ ಸಣ್ಣ ತಂತಿ ಉಂಗುರ) ಒಂದು ಟಿಂಗ್ ಅಂತ ಹಾರಿತ್ತು. ಎಂಜಿನ್ ಒಳಗ ಬಿತ್ತೋ ಹೊರಗ ಬಿತ್ತೋ ಗೊತ್ತಿಲ್ಲ. ಮೂರು ತಾಸು ಬ್ಯಾಟರಿ ಹಚ್ಚಿ ಹುಡುಕೀನಿ, ಮ್ಯಾಗ್ನೆಟ್ ಇಳಿಬಿಟ್ಟು ನೋಡೀನಿ. ಸಿಗ್ಲಿಲ್ಲ. ರಾತ್ರಿ ನಿದ್ದಿ ಇಲ್ಲ. ಮುಂಜಾನಿ ಆಯಿ ಅಂಗಳದಾಗ ಜ್ವಾಳ ಹಸನ ಮಾಡ್ತಿದ್ಲು. ಮರದಾಗ ಹಳ್ಳಿನ ಬಾಜು ಇದನ್ನ ಎತ್ತಿಟ್ಟು, ‘ಇದು ನಿಂದೇನು?’ ಅಂದ್ಲು. ಗಾಡಿ ಬಗ್ಗೆ ಆಕಿ ಆಡಿದ ಮೊದಲನೇ ಮಾತು ಇದು.

ಮಕ್ಕಳಿಗೆ ಸಿಲಿಂಡರಿನ ಘನಫಲ ಕಲಿಸೋ ಮಾಸ್ತರಾಣಿ ನಾ. ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಲೆಕ್ಕ ಹಾಕಿದ್ರ 248.9 ಸಿಸಿ ಬರ್ತದ. ಅರ್ಧ ಮಿ.ಮೀ. ಕೊರದ್ರ 252.7. ಬರೋ ವರ್ಷ ಪರೀಕ್ಷಾದಾಗ ಇದನ್ನೇ ಕೇಳಾಕಿ.

ನಿವೃತ್ತ_ಪಾನಾ · ಏಪ್ರಿಲ್ 22

ಆಯಿ ಕಣ್ಣು ನಮ್ಮ ಹ್ಯಾಂಗರಿನಾಗ ಬೇಕಿತ್ತು. ಆ ಸರ್ಕ್ಲಿಪ್ ತಿರುಗಿ ಹಾಕಬ್ಯಾಡ, ಎರಡೂ ಹೊಸಾವು ತಗೊ. ಉಂಗುರದ ಬಾಯಿ ಪಿಸ್ಟನ್ ಸಂದಿನಾಗಿನ ಸಣ್ಣ ಮೊಳಿಗೆ ಸರಿಯಾಗಿ ಕೂಡ್ಬೇಕು. ತಪ್ಪಿದ್ರ ಉಂಗುರ ಬೋರಿನ ಗ್ವಾಡಿಯ ಪೋರ್ಟಿನಾಗ (ತೂತಿನಾಗ) ಸಿಕ್ಕಿ ಮುರೀತದ.

ಕ್ರೋಮ್_ಹುಚ್ಚ · ಏಪ್ರಿಲ್ 23

ಪಿಸ್ಟನ್ ಕಿಟ್, ಕ್ರ್ಯಾಂಕ್ ಸೀಲ್, ಗ್ಯಾಸ್ಕೆಟ್ ರಾಣಿಗಂಜ್‌ನಾಗ ಕೇಳಿ ನೋಡ್ತೀನಿ. ಗುರುವಾರ ಜುಮೇರಾತ್ ಬಜಾರ್‌ಗೂ ಹೋಗ್ತೀನಿ, ಹಳೀ ಸಾಮಾನು ಅಲ್ಲಿ ಸಿಗೋದುಂಟು. ನಾ ಶನಿವಾರ ಹುಮನಾಬಾದಕ್ಕ ಬರಾವ, ಅಲ್ಲಿಂದ ಕಲಬುರಗಿ ಬಸ್ಸಿಗಿ ಕೊಟ್ಟು ಕಳಸ್ತೀನಿ. ರೊಕ್ಕ ಆಮ್ಯಾಲ ಕೊಡ್ರಿ.

ಪಟ್ಟಿ ಕತ್ತರಿಸ್ರಿ.

ಶಾಬಾದಿ_ಫರಶಿ · ಮೇ 3

ಸಾಮಾನು ಬಂತು, ಕ್ರೋಮ್ ಅಣ್ಣಾರಿಗೆ ಭಾಳ ಉಪಕಾರ. ಬೋರಿಂಗ್ ಆಯ್ತು. ಈಗ ಟ್ಯಾಂಕ್. ಒಳಗ ಬರೇ ಜಂಗು, ಅಲ್ಲಾಡ್ಸಿದ್ರ ಗಿಲಕಿ ಆಡ್ಸಿದಂಗ ಸಪ್ಪಳ ಬರ್ತದ. ಒಬ್ಬರು ಸಂಡಾಸ ತೊಳಿಯೋ ಆಸಿಡ್ ಹಾಕು ಅಂದ್ರು, ಒಬ್ಬರು ಹುಣಸೇಹಣ್ಣು ಅಂದ್ರು, ಇನ್ನೊಬ್ಬರು ಜಲ್ಲಿ ಕಲ್ಲು ಹಾಕಿ ಅಲ್ಲಾಡ್ಸು ಅಂದ್ರು.

ಬೆಟ್ಟದ_ಕೆಳಗ · ಮೇ 3

ಆಸಿಡ್ ಮಾತ್ರ ಹಾಕಬ್ಯಾಡ್ರಿ ಅಕ್ಕಾರ. ನಾ ಹಾಕಿ ಕೆಟ್ಟೀನಿ. ಜಂಗಿನ ಜೋಡಿ ತಗಡೂ ತಿಂತು, ಹೊರಗ ಹನಿ ಬಿದ್ದಲ್ಲೆಲ್ಲಾ ಕ್ರೋಮ್ ಕಿತ್ತು ಬಂತು.

ನಾ ಆಮ್ಯಾಲ ಇನ್ನೊಂದು ಟ್ಯಾಂಕಿಗಿ ಕರೆಂಟ್ ಪದ್ಧತಿ ಮಾಡ್ದೆ. ಟ್ಯಾಂಕ್ ತುಂಬ ನೀರು, ಅದ್ರಾಗ ಅರಿಬಿ ಒಗಿಯೋ ಸೋಡಾ, ಲೀಟರಿಗೆ ಒಂದು ಚಮಚ. ಬ್ಯಾಟರಿ ಚಾರ್ಜರಿನ ಮೈನಸ್ ಟ್ಯಾಂಕಿಗಿ, ಪ್ಲಸ್ ಒಂದು ಕಬ್ಬಿಣದ ಸಳಿಗಿ. ಸಳಿ ನೀರಾಗ ಇಳಿಬಿಡ್ರಿ, ಟ್ಯಾಂಕಿಗಿ ಎಲ್ಲೂ ತಾಕಬಾರದು. ರಬ್ಬರ್ ಟ್ಯೂಬಿನ ತುಂಡು ಸುತ್ತಿ ಬಾಯಿಗಿ ಕೂಡಿಸ್ರಿ. ಒಂದು ರಾತ್ರಿಗೆ ಸಳಿ ಮ್ಯಾಲ ಕೆಂಪು ರಾಡಿ ಕುಂತಿರ್ತದ, ಜಂಗು ಕರ್ರಗ ಪುಡಿ ಆಗಿ ಬಿಡ್ತದ. ಎರಡು ಮಾತು ನೆನಪಿಡ್ರಿ. ಸಳಿ ಸ್ಟೀಲಿಂದು ಬ್ಯಾಡ, ಅದ್ರಾಗಿನ ಕ್ರೋಮಿಯಂ ನೀರಿಗೆ ಇಳದು ವಿಷ ಆಗ್ತದ. ಮತ್ತ ಗುಳ್ಳಿ ಬರೋದು ಹೈಡ್ರೋಜನ್, ಶೆಡ್ಡಿನ ಬಾಗ್ಲಾ ಹಾಕಿ ಮಾಡಬ್ಯಾಡ್ರಿ, ಬಯಲಾಗ ಇಡ್ರಿ. ಬಾಜು ಬೀಡಿ ಸೇದೋರನ್ನ ಕುಂದ್ರಸಬ್ಯಾಡ್ರಿ. ಬೆಸುಗಿಗೂ ಇದರಿಂದ ಧಕ್ಕಿ ಇಲ್ಲ.

ತೊಳದ ಕೂಡ್ಲೇ ಬಿಸಿಲಾಗ ಒಣಗಿಸಿ, ಟೂಟಿ ಆಯಿಲ್ ಹಾಕಿ ಒಳಗೆಲ್ಲಾ ಹೊಳ್ಳಾಡಿಸ್ರಿ. ಬಿಟ್ರ ಒಂದು ತಾಸಿನಾಗ ತಿರುಗಿ ಕೆಂಪಗಾಗ್ತದ. ನಮ್ಮ ಬಿಸಿಲು ಇದೊಂದಕ್ಕರೆ ಉಪಯೋಗಕ್ಕ ಬಂತು.

ಶಾಬಾದಿ_ಫರಶಿ · ಮೇ 6

ಟ್ಯಾಂಕ್ ಆಯ್ತು. ನೀರು ಸುರುವಿದಾಗ ಶಾಬಾದಿ ಫರಶಿ ಮ್ಯಾಲ ಕಪ್ಪು ಕಲಿ ಬಿದ್ದದ, ಅದು ಹೋಗವಲ್ದು, ಬೈಗುಳ ತಿಂದೀನಿ. ಕಾರ್ಬೊರೇಟರ್ ಸೈತ ಅದೇ ಸೋಡಾ ನೀರಾಗ ಅದ್ದಲಾ? ಇಲ್ಲಾ ನಿಂಬೆ ಉಪ್ಪಿನಾಗ?

ನಿವೃತ್ತ_ಪಾನಾ · ಮೇ 6

ಎರಡೂ ಬ್ಯಾಡ! ಆ ಜಿಕೋವ್ ಕಾರ್ಬೊರೇಟರಿನ ಮೈ ಜಸ್ತದ ಎರಕ. ಜಸ್ತಕ್ಕ ಹುಳಿ ಹಾಕಿದ್ರೂ ತಿಂತದ, ಕಾಸ್ಟಿಕ್ ಹಾಕಿದ್ರೂ ತಿಂತದ.

ನಮ್ಮ ಬಾಜು ಮನಿಯವರು ಬಿದ್ರಿ ಕೆಲಸದವರು. ಬಿದ್ರಿ ಹೂಜಿ ಅಂದ್ರ ಏನು, ಜಸ್ತ ಹೆಚ್ಚು, ತಾಮ್ರ ಜರಾ. ಬೆಳ್ಳಿ ತಂತಿ ಕೂಡಿಸಿದ ಮ್ಯಾಲ ಕಿಲ್ಲೆ ಮಣ್ಣು, ನವಸಾಗರ ಕೂಡಿಸಿದ ನೀರಾಗ ಹಾಕ್ತಾರ, ಜಸ್ತ ಕರ್ರಗಾಗ್ತದ, ಬೆಳ್ಳಿ ಹಂಗೇ ಹೊಳೀತದ. ಅವರಿಗೆ ಒಮ್ಮೆ ನನ್ನ ಕಾರ್ಬೊರೇಟರ್ ತೋರಿಸಿದ್ದೆ. ಕೈಯಾಗ ತೂಗಿ ನೋಡಿ ‘ಇದು ನಮ್ಮ ಜಾತೀದೇ’ ಅಂದ್ರು. ಅವರು ಸಾಮಾನು ಹೆಂಗ ಜ್ವಾಕಿ ಮಾಡ್ತಾರ ಹಂಗೇ ಮಾಡು. ಪೆಟ್ರೋಲ್, ಹಳೀ ಹಲ್ಲುಜ್ಜೋ ಬ್ರಷ್, ಗಾಳಿ. ಜೆಟ್ಟಿನ ತೂತಿನಾಗ ಕಬ್ಬಿಣದ ತಂತಿ ಹಾಕಬ್ಯಾಡ, ತೂತು ದೊಡ್ಡದಾಗ್ತದ. ನೈಲಾನ್ ದಾರ ಹಾಕಿ ಎಳಿ.

ಪೆಟ್ರೋಲ್ ಪೈಪೂ ಹೊಸಾದು ಹಾಕು, ಎಥೆನಾಲ್ ತಾಳೋದು ಅಂತ ಕೇಳಿ ತಗೊ. ಈಗ ಬಂಕಿನಾಗ ಬರೋದು 20 ಪರ್ಸೆಂಟ್ ಎಥೆನಾಲ್ ಕೂಡಿದ್ದು. ಅದು ಹಳೀ ರಬ್ಬರ್ ಮೆತ್ತಗ ಮಾಡ್ತದ, ಗಾಳ್ಯಾಗಿನ ನೀರು ಎಳಕೊಂತದ. ವಾರಗಟ್ಟಲೆ ಗಾಡಿ ನಿಲ್ಲಿಸೋದಿದ್ರ ಕಾಕ್ ಬಂದ್ ಮಾಡಿ ಕಾರ್ಬೊರೇಟರ್ ಖಾಲಿ ಆಗೋ ತನಕ ಓಡಿಸಿ ನಿಲ್ಲಿಸು.

ಕೋರ್ಟ್_ರೋಡ್, ಕಲಬುರಗಿ · ಮೇ 8

ಕಾಗದದ ಕೆಲಸಕ್ಕೆ ಯಾರೂ ಕೈ ಹಾಕಿಲ್ಲ ಅಂತ ಬರೆಯುತ್ತಿದ್ದೇನೆ. ಮೇಡಂ, ಆರ್‌ಸಿ ಇನ್ನೂ ಮುತ್ಯಾ ಅವರ ಹೆಸರಲ್ಲೇ ಇದೆಯಾ? ಹಾಗಿದ್ದರೆ ಮೊದಲು ಫಾರಂ 31, ಮಾಲೀಕರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ಮಾಡಿಸುವುದು. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಇಟ್ಟುಕೊಳ್ಳಿ. ನೋಂದಣಿ ನವೀಕರಣಕ್ಕೆ ಫಾರಂ 25, ಅದು ಐದೈದು ವರ್ಷಕ್ಕೆ. ಹಳೆ ಪುಸ್ತಕದ ಆರ್‌ಸಿ ಕಂಪ್ಯೂಟರಿನಲ್ಲಿ ಇರುವುದಿಲ್ಲ, ಆರ್‌ಟಿಒ ಕಚೇರಿಯಲ್ಲಿ ಮೊದಲು ಅದನ್ನು ಏರಿಸಬೇಕು. ಚಾಸಿ ನಂಬರ್ ಮೇಲೆ ಬಣ್ಣ ಬಳಿಯುವ ಮುಂಚೆ ಪೆನ್ಸಿಲ್ ಅಚ್ಚು ತೆಗೆದಿಡಿ.

ಐವತ್ತು ವರ್ಷ ದಾಟಿದ ಗಾಡಿಗೆ 2021ರ ವಿಂಟೇಜ್ ನಿಯಮವೂ ಇದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ, ನಂಬರಿನಲ್ಲಿ ‘ವಿಎ’ ಅಂತ ಬರುತ್ತದೆ. ಆದರೆ ಆ ನಂಬರಿನ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ, ಇಷ್ಟಕ್ಕೇ. ಶಾಲೆಗೆ ಹೋಗಿಬರುವ ಆಸೆ ಇದ್ದರೆ ಹಳೆ ನೋಂದಣಿಯನ್ನೇ ಜೀವಂತ ಮಾಡಿಸಿಕೊಳ್ಳಿ.

ಕ್ರೋಮ್_ಹುಚ್ಚ · ಮೇ 8

ನೋಡ್ರಿ! ವಿಂಟೇಜ್ ನಿಯಮದಾಗ ಗಾಡಿ ಮೂಲ ರೂಪದಾಗ ಇರ್ಬೇಕು ಅಂತ ಅದ. ಪಟ್ಟಿ ತೆಗಿಲೇಬೇಕು.

ಕೋರ್ಟ್_ರೋಡ್ · ಮೇ 8

ಅದು ಚಾಸಿ, ಬಾಡಿ, ಎಂಜಿನ್‌ಗೆ ದೊಡ್ಡ ಬದಲಾವಣೆ ಮಾಡಿರಬಾರದು ಅಂತ. ಮಡ್‌ಗಾರ್ಡ್ ಮೇಲಿನ ಎರಡು ಪಟ್ಟಿ ಆ ಲೆಕ್ಕಕ್ಕೆ ಬರುತ್ತದೆ ಅಂತ ನನಗನ್ನಿಸುವುದಿಲ್ಲ.

ಒಂಟಿಕೊಪ್ಪಲು_ಹುಡುಗ · ಮೇ 9

ಕ್ರೋಮ್ ಅವರೇ, ನನ್ನ ತಂದೆಗೆ ಈ ಚರ್ಚೆ ಓದಿ ಹೇಳಿದೆ. ಫ್ಯಾಕ್ಟರಿಯಿಂದ ಹೊರಟ ಗಾಡಿ ಹೇಗಿತ್ತು ಅಂತ ನೋಡಬೇಕಾದರೆ ಫೋಟೋ ಸಿಗುತ್ತೆ, ದನದ ಡಾಕ್ಟರ ಡಬ್ಬಿ ಹೊತ್ತ ಜಾವಾ ಎಲ್ಲಿ ಸಿಗುತ್ತೆ ಅಂದರು. ಅವರೇ ಗಾಡಿ ಕಟ್ಟಿದವರು, ನೀವೇ ವಿಚಾರ ಮಾಡಿ.

ಕ್ರೋಮ್_ಹುಚ್ಚ · ಮೇ 9

ಹಿರೇರು ಹೇಳಿದ ಮ್ಯಾಲ ಏನು ಹೇಳಾದದ. ಆದ್ರ ಜಂಗು ತೆಗದು ಪಟ್ಟಿಗೂ ಮೆರೂನ್ ಹಚ್ಚಸ್ರಿ.

ಶಾಬಾದಿ_ಫರಶಿ · ಮೇ 18

ಹೊರಗ 43 ಡಿಗ್ರಿ. ಪತ್ರಾಸ್ ಕೆಳಗ ಎಷ್ಟದ ನೋಡೋ ಧೈರ್ಯ ಇಲ್ಲ, ಪಾನಾ ಮುಟ್ಟಿದ್ರ ಕೈ ಸುಡ್ತದ. ಮುಂಜಾನಿ ಐದರಿಂದ ಎಂಟರ ತನಕ ಅಷ್ಟೇ ಕೆಲಸ. ಎಂಜಿನ್ ಕೂಡಿಸೀನಿ. ಬ್ಯಾಟರಿ ಆರು ವೋಲ್ಟಿಂದು ಹೊಸಾದು ಹಾಕೀನಿ. ಆದ್ರ ಕಿಡಿ ಇಲ್ಲ. ಇಲ್ಲೇ ಒಂದು ಅಂಗಡ್ಯಾಗ ಕಂಡೆನ್ಸರ್ ತಗೊಂಡಿದ್ದೆ, ‘ಒರಿಜಿನಲ್, ಗ್ಯಾರಂಟಿ’ ಅಂದಿದ್ರು. ಎರಡನೇ ದಿನಕ್ಕೇ ಸತ್ತದ. ತಿರುಗಿ ಕೊಡ್ಲಿಕ್ಕ ಹೋದ್ರ ಇಲೆಕ್ಟ್ರಿಕಲ್ ಸಾಮಾನಿಗೆ ಗ್ಯಾರಂಟಿ ಇಲ್ಲ ಅಂತಾರ.

ಗಂಜ್_ಗ್ಯಾರೇಜ್ · ಮೇ 18

ಅಬ್ಬಾ: ಹಳೀ ಕಂಡೆನ್ಸರ್ ಒಗದಿಲ್ಲಲ್ಲ? ಅದನ್ನೇ ಹಾಕಿ ನೋಡು. ಹೊಸ ಡುಪ್ಲಿಕೇಟಿಗಿಂತ ಹಳೀ ಮಾಲು ಎಷ್ಟೋ ಸಲ ಜೀವ ಹಿಡಕೊಂಡಿರ್ತದ.

ಪಾಯಿಂಟ್ (ಕರೆಂಟ್ ಕಡದು ಕಿಡಿ ಬೀಳಸೋ ಸ್ವಿಚ್ಚು) ಮುಖ ಸಣ್ಣ ಸಾಣಿ ಹಾಕಿ ಬಿಳಿ ಮಾಡು, ಪೆಟ್ರೋಲಿನಾಗ ಒರಸು. ಗ್ಯಾಪ್ 0.4 ಮಿ.ಮೀ. ಟೈಮಿಂಗ್ ಎಷ್ಟು ಅನ್ನೋದು ಪುಸ್ತಕದಾಗ ನೋಡ್ಕೊ. ಪ್ಲಗ್ ತೂತಿನಾಗ ವರ್ನಿಯರ್ ಇಳಿಬಿಟ್ಟು ಪಿಸ್ಟನ್ ತುದಿ ಹಿಡಿ, ಅಲ್ಲಿಂದ ಹಿಂದ ತಿರುಗಿಸಿ ಅಷ್ಟು ಮಿ.ಮೀ. ಇಳಿಸು. ಪತಂಗದ ಕಾಗದದ ಚೂರು ಪಾಯಿಂಟ್ ನಡುಕ ಇಟ್ಟು ಮೆಲ್ಲಕ ಎಳಕೊಂತ ಇರು. ಕಾಗದ ಎಲ್ಲಿ ಬಿಡ್ತದೋ ಅದೇ ಕಿಡಿ ಬೀಳೋ ಜಾಗ. ಮೀಟರ್ ಗೀಟರ್ ಬೇಕಾಗಿಲ್ಲ, ನಾ ಮೂವತ್ತೈದು ವರ್ಷ ಕಾಗದದ ಮ್ಯಾಲೇ ಮಾಡೀನಿ.

ಪೆಟ್ರೋಲ್ ಲೀಟರಿಗೆ 50 ಎಂಎಲ್ ಆಯಿಲ್ ಹಾಕು ಮೊದಮೊದಲು. ಬೋರ್ ಹೊಸಾದು, ಬ್ಯಾಸಗಿ ನಮ್ಮದು. ಮಳಿಗಾಲ ಬಂದು ಗಾಡಿ ಬಿಚ್ಚಿಕೊಂಡ ಮ್ಯಾಲ 40ಕ್ಕ ಇಳಿಸು.

ಬೆಟ್ಟದ_ಕೆಳಗ · ಮೇ 18

ಅಬ್ಬಾರಿಗೆ ಎದುರು ಮಾತಾಡೋನಲ್ಲ. ಆದ್ರ ಈಗಿನ ಆಯಿಲ್ ಭಾಳ ಚಲೋ ಬಂದಾವ, 50 ಎಂಎಲ್ ಹಾಕಿದ್ರ ಪ್ಲಗ್ ಕರ್ರಗಾಗಿ ಬಂದ್ ಬೀಳ್ತದ. ನಂದು 35ರ ಮ್ಯಾಲೇ ನಡದದ.

ಗಂಜ್_ಗ್ಯಾರೇಜ್ · ಮೇ 18

ಅಬ್ಬಾ: ಪ್ಲಗ್ ಕರ್ರಗಾದ್ರ ಹೊಸಾ ಪ್ಲಗ್ ಬರ್ತದ. ಪಿಸ್ಟನ್ ಹಿಡಕೊಂಡ್ರ ಮತ್ತ ಬಸ್ಸಿನಾಗ ಸಾಮಾನು ತರಸಬೇಕಾಗ್ತದ. ನೀ ನಿಂದು ಹಾಕ್ಕೊ.

ಶಾಬಾದಿ_ಫರಶಿ · ಜೂನ್ 8

ಮಿರಗ ಮಳಿ ನಿನ್ನೆ ಒಂದು ಜೋರು ಹೊಡದು ಹೋಯ್ತು. ಇವತ್ತು ಮುಂಜಾನಿ ತಂಪಿತ್ತು. ಹಳೀ ಕಂಡೆನ್ಸರೇ ಹಾಕೀನಿ. ಹನ್ನೊಂದನೇ ಕಿಕ್ಕಿಗೆ ‘ಫಟ್’ ಅಂತ ಒಂದು. ಹದಿನಾಲ್ಕಕ್ಕ ಹಿಡಕೊಂತು.

ಮೊದಲು ಬಿಳಿ ಹೊಗಿ, ಓಣಿ ತುಂಬ. ಅಂಗಳದಾಗಿನ ಕೋಳಿ ಎಲ್ಲಾ ಮಾಳಿಗಿ ಏರಿದ್ವು. ಆಯಿ ದೇವರ ಮುಂದ ಕುಂತಿದ್ಲು, ಊದಿನಕಡ್ಡಿ ಕೈಯಾಗೇ ಹಿಡಕೊಂಡು ಹೊರಗ ಬಂದ್ಲು. ಸ್ವಲ್ಪ ಹೊತ್ತು ನಿಂತು ಕೇಳಿ, ‘ಅವರು ಇಷ್ಟು ಜೋರು ಬಿಡ್ತಿದ್ದಿಲ್ಲ, ಇಳಿಸು’ ಅಂದ್ಲು. ಇಳಿಸ್ದೆ. ಒಳಗ ಹೋಗಿ ಒಂದು ತಗಡಿನ ಡಬ್ಬಿ ತಂದಿಟ್ಲು. ಇಷ್ಟು ವರ್ಷ ಅದ್ರಾಗ ಕೌದಿ ಹೊಲಿಯೋ ಅರಿಬಿ ತುಂಡು ಇಟ್ಟಿದ್ಲಂತ. ಪಟ್ಟಿ ಮ್ಯಾಲ ಇಟ್ಟು ನೋಡ್ದೆ, ನಾಕೂ ತೂತು ಬರೋಬ್ಬರಿ ಕುಂತ್ವು. ಕ್ರೋಮ್ ಅಣ್ಣಾ, ಫೋಟೋ ಹಾಕ್ತೀನಿ, ನೋಡ್ರಿ.

ಈಗ ನನ್ನ ಪ್ರಶ್ನೆ. ಅರ್ಧ ತಾಸು ಆದ ಮ್ಯಾಲೂ ಬಿಳಿ ಹೊಗಿ ನಿಲ್ಲವಲ್ದು. ಹದಿನಾಲ್ಕು ವರ್ಷದ ಹಳೀ ಎಣ್ಣಿ ಸುಡ್ಲತ್ತದೋ, ಬ್ಯಾರೆ ಏನರ ಅದೋ?

ಒಂಟಿಕೊಪ್ಪಲು_ಹುಡುಗ · ಜೂನ್ 8

ಅಪ್ಪನಿಗೆ ವಿಡಿಯೋ ತೋರಿಸಿದೆ, ಸೌಂಡ್ ಕೇಳಿ ಕಾಫಿ ಬಿಟ್ಟು ಎದ್ದು ನಿಂತರು.

ಕ್ರ್ಯಾಂಕಿನ ಎಡಗಡೆ ಸೀಲ್ ನೋಡಿ. ಆ ಕಡೆ ಪ್ರೈಮರಿ ಚೈನ್, ಕ್ಲಚ್, ಗೇರ್ ಆಯಿಲ್. ಸೀಲ್ ಸರಿ ಕೂತಿಲ್ಲ ಅಂದರೆ ಎಂಜಿನ್ ಆ ಎಣ್ಣೇನ ಒಳಕ್ಕೆ ಎಳೆದು ಸುಡುತ್ತೆ. ಬಲಗಡೆ ಡೈನಮೋ ಕಡೆ ಸೀಲ್ ಹೋದರೆ ಹೊಗೆ ಬರಲ್ಲ, ಬರೀ ಗಾಳಿ ಎಳೆದು ರೇಸ್ ತಾನಾಗಿ ಏರುತ್ತೆ. ನಿಮ್ಮದು ಹೊಗೆ, ಆದ್ದರಿಂದ ಎಡ.

ಗಂಜ್_ಗ್ಯಾರೇಜ್ · ಜೂನ್ 8

ಅಬ್ಬಾ: ಮೈಸೂರಿನವರು ಹೇಳಿದ್ದು ಖರೇ. ಆದ್ರ ಕೇಸ್ ಒಡಿಯೋಕಿಂತ ಮೊದಲು ಎರಡು ಕೆಲಸ ಮಾಡು. ಗೇರ್ ಆಯಿಲ್ ಮಟ್ಟಕ್ಕ ತುಂಬಿ ಗುರುತು ಹಚ್ಚು, ಇಪ್ಪತ್ತು ಕಿಲೋಮೀಟರ್ ಓಡಿಸಿ ತಿರುಗಿ ನೋಡು. ಇಳಿದಿದ್ರ ಸೀಲ್. ಇಳೀದೇ ಇದ್ರ ಎರಡೂ ಸೈಲೆನ್ಸರಿನ ಒಳಗಿನ ಜಾಳಿಗಿ ತೆಗದು ನೋಡು, ಹಳೀ ಎಣ್ಣಿ ಕುಂತು ಡಾಂಬರ್ ಆಗಿರ್ತದ, ಅದೇ ಸುಡ್ಲತ್ತಿರ್ತದ.

ಇಪ್ಪತ್ತು ಕಿಲೋಮೀಟರ್ ಎಲ್ಲಿಗಿ ಓಡಿಸ್ಲಿ ಅನ್ನಬ್ಯಾಡ. ಹುಮನಾಬಾದ ರೋಡ್ ಬ್ಯಾಡ, ಲಾರಿ ಭಾಳ. ಗಂಜಿಗಿ ಬಾ, ನಮ್ಮ ಮನಿ ಮುಂದ ನಿಲ್ಲಿಸು, ನಾ ಕುರ್ಚಿ ಮ್ಯಾಲ ಕುಂತು ಕೇಳ್ತೀನಿ.

ಕೋರ್ಟ್_ರೋಡ್ · ಜೂನ್ 8

ಮೇಡಂ, ಆರ್‌ಸಿ, ಇನ್ಶೂರೆನ್ಸ್ ಆಗುವ ತನಕ ರಸ್ತೆಗೆ ಇಳಿಸಬೇಡಿ.

ಗಂಜ್_ಗ್ಯಾರೇಜ್ · ಜೂನ್ 8

ಅಬ್ಬಾ: ಹಂಗಾದ್ರ ಟಂಟಂ ಮ್ಯಾಲ ಏರಿಸಿ ತಾ. ಟಂಟಂಗ ಬಾಡಿಗಿ ನಾ ಕೊಡ್ತೀನಿ. ಡಬ್ಬಿ ಕೂಡಿಸಿಕೊಂಡೇ ಬಾ.